ಗಿಡಕ್ಕೆ ತಕ್ಕ ಬಾಯಿ, ಕೈಗೆ ತಕ್ಕ ಮಚ್ಚು



ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರ ಎಂಬ ಹಳ್ಳಿಯಿದೆ. ಆ ಹಳ್ಳಿಯ ಕೆರೆಯ ನೀರಿನೊಳಗೇ ಕರಿಜಾಲಿಯ ಮರಗಳು ನಿಂತಿವೆ. ಬಣ್ಣದ ಕೊಕ್ಕರೆಗಳೂ ಬಿಳಿ ಕೆಂಬರಲುಗಳೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆ ಕಂಡುಕೊಂಡಿವೆ. 2017ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2024ರ ಆರಂಭದಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸಂದರ್ಭದಲ್ಲಿ ಪಟ್ಟಿಗೆ ಸೇರಿದ ಕರ್ನಾಟಕದ ಇನ್ನೆರಡು ತಾಣಗಳೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಘಟ್ಟದ ಮಳೆ ನೀರು ಸಮುದ್ರ ಸೇರುವ ತಾಣವೊಂದು, ಒಣಸೀಮೆಯ ಹಳ್ಳಿಯ ಕೆರೆಯೊಂದು ಹೀಗೆ ಒಂದೇ ಸಾಲಿನಲ್ಲಿ ನಿಂತವು.

ಅಂಥ ಕೆರೆಯಿರುವ ಸೀಮೆಯ ಬೀಳು ಹೊಲಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಗೋಮಾಳಗಳಲ್ಲಿ ಮತ್ತೊಂದು ಜಾಲಿ ಬೆಳೆದು ನಿಂತಿದೆ. ಅದು ಬಳ್ಳಾರಿ ಜಾಲಿ. ಕರಿಜಾಲಿ ಈ ನೆಲದ್ದು, ಬಳ್ಳಾರಿ ಜಾಲಿ ಹೊರಗಿನಿಂದ ಬಂದದ್ದು. ಎರಡಕ್ಕೂ ಮುಳ್ಳಿದೆ, ಎರಡಕ್ಕೂ ಸಣ್ಣ ಸಣ್ಣ ಎಲೆಗಳಿವೆ, ಎರಡರ ಹೆಸರಿನಲ್ಲಿಯೂ ಜಾಲಿಯಿದೆ. ಒಂದನ್ನು ಉಳಿಸಬೇಕು, ಇನ್ನೊಂದನ್ನು ಹೊಲದಿಂದ ತೆಗೆಯಬೇಕು. ಈ ಕೆಲಸಕ್ಕೆ ಹೊರಟ ರೈತನ ಕೈಯಲ್ಲಿರುವ ಉಪಕರಣವೇ ಇಂದಿನ ಉಪನ್ಯಾಸದ ವಿಷಯ. ಕಡಿಮೆ ಹಣದಲ್ಲಿ ಒಳ್ಳೆಯ ಮಚ್ಚನ್ನು ಆರಿಸಿಕೊಳ್ಳುವುದು ಹೇಗೆ?

ಗುಡ್ಡಗಾಡಿನ ಸಭೆಯಲ್ಲಿ ಬಯಲುಸೀಮೆಯ ಮಚ್ಚಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮಲೆನಾಡಿನ ಕೃಷಿಕನಿಗೆ ಸೊಂಟದ ಕೊಕ್ಕೆಯಲ್ಲಿ ಸಿಕ್ಕಿಸಿದ ಕತ್ತಿ ಮೈಯ ಒಂದು ಅಂಗವೇ ಆಗಿದೆ. ಆದರೆ ಇಲ್ಲಿ ಕತ್ತಿ ಎದುರಿಸುವುದು ಹೆಚ್ಚಾಗಿ ಹಸಿ ಸೊಪ್ಪನ್ನು, ಮೆತ್ತನೆಯ ಕಳೆಯನ್ನು. ಅಲ್ಪಸ್ವಲ್ಪ ದೋಷವಿದ್ದ ಕತ್ತಿಯೂ ಇಲ್ಲಿ ಕೆಲಸ ಸಾಗಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲದಲ್ಲಿ ಹಾಗಲ್ಲ. ಅಲ್ಲಿನ ಮಳೆ ಕಡಿಮೆ, ಕಟ್ಟಿಗೆ ಒಣಗಿ ಗಟ್ಟಿಯಾಗಿರುತ್ತದೆ, ಬುಡದಲ್ಲಿ ಕಲ್ಲು ಮತ್ತು ಗರಸು ಮಣ್ಣು, ಸುತ್ತಲೂ ಮುಳ್ಳು. ಕೆಟ್ಟ ಮಚ್ಚಿನ ಗುಟ್ಟು ಅಲ್ಲಿ ಒಂದೇ ದಿನದಲ್ಲಿ ಬಯಲಾಗುತ್ತದೆ. ಆದ್ದರಿಂದ ಉಪಕರಣದ ಗುಣವನ್ನು ಕಲಿಯಲು ಅದು ತಕ್ಕ ಸೀಮೆ.

ಈ ಐದೂ ತಾಲ್ಲೂಕುಗಳು ಹಳೆಯ ಬಳ್ಳಾರಿ ಜಿಲ್ಲೆಯವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ಅದರೊಳಗೆ ಬಂದವು. ಆಡಳಿತದ ಗಡಿ ಎಷ್ಟು ಬಾರಿ ಬದಲಾದರೂ ಅಲ್ಲಿನ ರೈತರ ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳದ ಹೊಲಗಳ ಬದುವಿನಲ್ಲಿ ಮುಳ್ಳು ಮಾತ್ರ ಬದಲಾಗಲಿಲ್ಲ.

ಮೊದಲ ಪ್ರಶ್ನೆ: ಕೆಲಸ ಯಾವುದು?

ಅಂಗಡಿಗೆ ಹೋಗುವ ಮೊದಲು ರೈತನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹಡಗಲಿಯ ಮಲ್ಲಿಗೆ ತೋಟದವನಿಗೆ ಗಿಡ ಸವರಲು ಮಚ್ಚು ಬೇಕಾಗಿಲ್ಲ, ಕತ್ತರಿ ಸಾಕು. ಮಚ್ಚು ಬೀಸಿದರೆ ಮಲ್ಲಿಗೆಯ ರೆಂಬೆ ಸೀಳುತ್ತದೆ, ಸೀಳಿದ ಜಾಗ ಒಣಗುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಕಬ್ಬು ಕಡಿಯುವವನಿಗೆ ತೆಳ್ಳಗಿನ, ಹಗುರವಾದ, ಅಗಲ ಅಲಗು ಬೇಕು. ಏಕೆಂದರೆ ಅವನು ದಿನಕ್ಕೆ ಸಾವಿರಾರು ಬಾರಿ ಕೈ ಬೀಸುತ್ತಾನೆ. ಕುರಿ, ಮೇಕೆಗಳಿಗೆ ಸೊಪ್ಪು ಇಳಿಸುವವನಿಗೆ ಉದ್ದ ಗಳೆಯ ತುದಿಗೆ ಕಟ್ಟಿದ ಕುಡುಗೋಲು ಅನುಕೂಲ. ತೊಡೆ ಗಾತ್ರದ ಕಾಂಡ ಕಡಿಯುವವನಿಗೆ ಕೊಡಲಿಯೇ ಬೇಕು. ಆ ಕೆಲಸವನ್ನು ಮಚ್ಚಿನಿಂದ ಮಾಡಿಸಹೊರಟರೆ ಮಚ್ಚೂ ಕೆಡುತ್ತದೆ, ಮಣಿಕಟ್ಟೂ ಕೆಡುತ್ತದೆ.

ಇವೆರಡರ ನಡುವಣ ಕೆಲಸ ಮಚ್ಚಿನದು. ಹೆಬ್ಬೆರಳಿನಿಂದ ಮುಂಗೈ ಗಾತ್ರದವರೆಗಿನ ಮುಳ್ಳಿನ ಕೊಂಬೆ ಕಡಿಯುವುದು, ಬೇಲಿ ಕಟ್ಟುವುದು, ಕಟ್ಟಿಗೆ ಸೀಳುವುದು, ಗೂಟ ಚೂಪು ಮಾಡುವುದು. ಇದಕ್ಕೆ ಹತ್ತರಿಂದ ಹದಿನಾಲ್ಕು ಅಂಗುಲದ ಅಲಗು, ಬೆನ್ನಿನಲ್ಲಿ ಸುಮಾರು 4ರಿಂದ 6 ಮಿಲಿಮೀಟರ್ ದಪ್ಪ, ಒಟ್ಟು ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ತೂಕ ಸಾಕು. ಮಲೆನಾಡಿನಲ್ಲಿ ಸೊಪ್ಪು ಸವರುವ ಕತ್ತಿಗೆ ಇದರ ಅರ್ಧದಷ್ಟು ದಪ್ಪವೇ ಹಿತ. ತೂಕ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಮೊದಲ ಹತ್ತು ಏಟಿನಲ್ಲಿ ಭಾರದ ಮಚ್ಚು ಗೆಲ್ಲುತ್ತದೆ. ನೂರನೆಯ ಏಟಿಗೆ ಕೈ ಸೋಲುತ್ತದೆ. ಸೋತ ಕೈಯ ಏಟು ಗುರಿ ತಪ್ಪುತ್ತದೆ.

ಕಿರುಗತ್ತಿಯ ಮೋಹ

ಇತ್ತೀಚೆಗೆ ತರುಣರಲ್ಲಿ ಕಿರುಗತ್ತಿಯಂತಿರುವ, ಹೊಳೆಯುವ, ಎರಡೂ ಕಡೆ ಬಾಯಿಯಿರುವ ಅಲಗುಗಳ ಮೋಹ ಕಾಣುತ್ತಿದೆ. ಕತ್ತಿಗೂ ಮಚ್ಚಿಗೂ ಇರುವ ವ್ಯತ್ಯಾಸವನ್ನು ಅವರು ತಿಳಿಯಬೇಕು. ಯುದ್ಧದ ಕತ್ತಿಯ ತೂಕದ ನಡುಬಿಂದು ಹಿಡಿಯ ಹತ್ತಿರ ಇರುತ್ತದೆ. ಬೀಸಿದ್ದನ್ನು ತಟ್ಟನೆ ತಿರುಗಿಸಲು ಅದು ಅಗತ್ಯ. ಮಚ್ಚಿನ ತೂಕ ಮುಂದಕ್ಕೆ ಇರುತ್ತದೆ. ಏಟಿನ ಬಲವೆಲ್ಲ ಕೊಂಬೆಯ ಮೇಲೆ ಬೀಳಬೇಕು. ವೀರಭದ್ರನ ಒಡಪು ಹೇಳುವ ಪುರವಂತರ ಕೈಯಲ್ಲಿ ಕತ್ತಿಗೆ ಅದರದೇ ಗೌರವವಿದೆ. ಅದು ಬದುವಿನಲ್ಲಿ ಜಾಲಿ ಕಡಿಯಲು ಹೇಳಿಸಿದ್ದಲ್ಲ. ಇನ್ನು ಕೊಡಗಿನ ಒಡಿಕತ್ತಿಯನ್ನು ನೋಡಿ. ಬೆನ್ನಿನ ಹಿಂದೆ ತೊಡಂಗದಲ್ಲಿ ಸಿಕ್ಕಿಸುವ ಆ ಅಗಲವಾದ, ಮುಂದಕ್ಕೆ ಬಾಗಿದ ಆಯುಧದ ಆಕಾರ ಕಾಡು ಸವರುವ ಕತ್ತಿಗೆ ತೀರ ಹತ್ತಿರವಾಗಿದೆ. ಆಯುಧವೇ ಆದರೂ ಅದರ ರೂಪ ಮರ ಕಡಿಯುವ ಕೈಯ ರೂಢಿಗೆ ಒಪ್ಪುವಂಥದು.

ಕಾನೂನು ಕೂಡ ಈ ವ್ಯತ್ಯಾಸವನ್ನು ಗುರುತಿಸುತ್ತದೆ. 1959ರ ಆಯುಧ ಕಾಯ್ದೆಯು ಕೇವಲ ಗೃಹಕೃತ್ಯ ಅಥವಾ ಕೃಷಿಗಾಗಿ ರೂಪಿಸಿದ ವಸ್ತುಗಳನ್ನು ಆಯುಧದ ಅರ್ಥದಿಂದ ಹೊರಗಿಟ್ಟಿದೆ. 2016ರ ಆಯುಧ ನಿಯಮಗಳಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳು ಆಯುಧದ ವರ್ಗಕ್ಕೆ ಸೇರಿವೆ. ಗೃಹ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಉಪಕರಣಗಳಿಗೆ ಅದರಿಂದ ವಿನಾಯಿತಿಯಿದೆ. ಅಂದರೆ ಹೊಲಕ್ಕೆ ಒಯ್ಯುವ ಮಚ್ಚು ಉಪಕರಣ. ಕಿರುಗತ್ತಿಯಾಗಿ ರೂಪಿಸಿದ ಅಲಗಿಗೆ ಆ ರಕ್ಷಣೆಯಿಲ್ಲ. ಸಂತೆಗೋ ಬಸ್ಸಿಗೋ ಮಚ್ಚು ಒಯ್ಯುವಾಗ ಬಾಯಿಗೆ ಗೋಣಿಯನ್ನು ಸುತ್ತಿ ಕಟ್ಟಿ ಒಯ್ಯುವುದು ಮರ್ಯಾದೆಯೂ ಹೌದು, ಸುರಕ್ಷತೆಯೂ ಹೌದು.

ಕಬ್ಬಿಣವೋ ಉಕ್ಕೋ?

ಅಲಗಿನ ಪ್ರಾಣ ಇರುವುದು ಅದರ ಲೋಹದಲ್ಲಿ. ಈ ವಿಷಯದಲ್ಲಿ ಕನ್ನಡ ನಾಡು ಜಗತ್ತಿಗೆ ಪಾಠ ಹೇಳಿದ ನೆಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ ಕಬ್ಬಿಣದ ವಸ್ತುಗಳು ದೊರೆತವು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣದ ಒಲೆಗಳನ್ನೂ ಉಕ್ಕು ಮಾಡುವ ವಿಧಾನವನ್ನೂ ವಿವರವಾಗಿ ಬರೆದಿಟ್ಟನು. ಯೂರೋಪಿನ ವಿಜ್ಞಾನಿಗಳು ‘ವೂಟ್ಸ್’ ಎಂದು ಕರೆದು ಬೆರಗಾದ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದನು. ಮುಂದೆ ಮೈಕೇಲ್ ಫ್ಯಾರಡೆ ಕೂಡ ಅದರ ರಹಸ್ಯವನ್ನು ಹುಡುಕಿದನು.

ಆ ರಹಸ್ಯದ ಮುಖ್ಯ ಭಾಗ ಇಂಗಾಲ. ಇಂಗಾಲ ತೀರ ಕಡಿಮೆಯಿದ್ದರೆ ಅದು ಮೆತ್ತನೆಯ ಕಬ್ಬಿಣ. ಮನೆ ಕಟ್ಟುವ ಸರಳು, ಕಿಟಕಿಯ ಪಟ್ಟಿ ಇಂಥವು. ಎಷ್ಟೇ ಕಾಯಿಸಿ ನೀರಿಗೆ ಅದ್ದಿದರೂ ಅವು ಮಚ್ಚಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಇಂಗಾಲ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಅದು ಮಚ್ಚಿಗೆ ಹೇಳಿ ಮಾಡಿಸಿದ ಉಕ್ಕು. ಶೇಕಡಾ ಒಂದಕ್ಕೂ ಮೇಲೆ ಹೋದರೆ ಬಲು ಗಡಸು. ಹಳೆಯ ಅರದಿಂದ ಮಾಡಿದ ಅಲಗು ಚೆನ್ನಾಗಿ ಕೊಯ್ಯುತ್ತದೆ, ಆದರೆ ಒಣ ಗಂಟಿನ ಮೇಲೆ ಬಿದ್ದರೆ ಚಕ್ಕೆ ಏಳುತ್ತದೆ.

ಬಡವನಿಗೆ ಸುಲಭವಾಗಿ ದೊರೆಯುವ ಒಳ್ಳೆಯ ಉಕ್ಕೆಂದರೆ ಲಾರಿಯ ಕಮಾನು ಪಟ್ಟಿ, ಗುಜರಿಯವರ ಮಾತಿನಲ್ಲಿ ‘ಪ್ಲೇಟು’. ಸುಮಾರು ಶೇಕಡಾ 0.5ರಿಂದ 0.65ರಷ್ಟು ಇಂಗಾಲವಿರುವ ಈ ಉಕ್ಕು ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವುದಕ್ಕೆಂದೇ ತಯಾರಾದದ್ದು. ಆದರೆ ಒಂದು ಎಚ್ಚರಿಕೆ ಬೇಕು. ವರ್ಷಾನುಗಟ್ಟಲೆ ದುಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ನಡುವಿನ ತೂತಿನ ಆಸುಪಾಸಿನ ತುಂಡನ್ನು, ಮುರಿದ ಪಟ್ಟಿಯ ಮುರಿದ ಅಂಚನ್ನು ಬಿಡಬೇಕು.

ಉಕ್ಕನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ತಿರುಗುವ ಗ್ರೈಂಡರಿಗೆ ತಾಗಿಸಿದಾಗ ಮೆತ್ತನೆಯ ಕಬ್ಬಿಣದ ಕಿಡಿಗಳು ಉದ್ದವಾಗಿ, ನೆಟ್ಟಗೆ ಹಾರಿ ಆರಿಹೋಗುತ್ತವೆ. ಇಂಗಾಲವಿರುವ ಉಕ್ಕಿನ ಕಿಡಿಗಳು ದೀಪಾವಳಿಯ ಸುರುಸುರುಬತ್ತಿಯಂತೆ ತುದಿಯಲ್ಲಿ ಒಡೆದು ಕವಲಾಗುತ್ತವೆ. ಶಾಲೆಯ ಮಕ್ಕಳೂ ದೂರ ನಿಂತು ಈ ವ್ಯತ್ಯಾಸವನ್ನು ಗುರುತಿಸಬಲ್ಲರು.

ಹದದ ಮಾತು

ಒಳ್ಳೆಯ ಉಕ್ಕು ದೊರೆತ ಮಾತ್ರಕ್ಕೆ ಒಳ್ಳೆಯ ಮಚ್ಚಾಗುವುದಿಲ್ಲ. ಅದನ್ನು ಕಾಯಿಸಿ ತಣಿಸುವ ವಿದ್ಯೆಯೇ ಹದ. ಕುಲುಮೆಯಲ್ಲಿ ಅಲಗಿನ ಬಾಯಿಯನ್ನು ಸುಮಾರು 800 ಡಿಗ್ರಿಯಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಕಮ್ಮಾರನ ಬಳಿ ಉಷ್ಣಮಾಪಕವಿಲ್ಲ. ಅವನು ಬಣ್ಣ ನೋಡುತ್ತಾನೆ. ಕುಲುಮೆಗೆ ನೆರಳು, ಮಸುಕು ಬೆಳಕು ಇರುವುದು ಈ ಬಣ್ಣವನ್ನು ಸರಿಯಾಗಿ ಕಾಣಲು. ವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ಉಪಾಯವನ್ನು ನೆನಪಿಡಬಹುದು. ಸುಮಾರು 770 ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಯಿಸಿದರೆ ತಣಿಸುವ ಸಮಯ ಬಂತೆಂದು ತಿಳಿಯಬೇಕು.

ಕಮಾನು ಪಟ್ಟಿಯ ಉಕ್ಕನ್ನು ಎಣ್ಣೆಯಲ್ಲಿ ತಣಿಸುವುದು ಕ್ಷೇಮ. ನೀರಿನಲ್ಲಿ ತಟ್ಟನೆ ತಣಿದರೆ ಬಿರುಕು ಬಿಡುವ ಭಯವಿದೆ. ಹೀಗೆ ತಣಿಸಿದ ಅಲಗು ಗಾಜಿನಂತೆ ಗಡಸಾಗಿ, ಗಾಜಿನಂತೆಯೇ ಒಡೆಯುವ ಸ್ಥಿತಿಯಲ್ಲಿರುತ್ತದೆ. ಅದಕ್ಕಾಗಿ ಮತ್ತೆ ಹಗುರವಾಗಿ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಆಗ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ ಸುಮಾರು 300 ಡಿಗ್ರಿ. ಕ್ಷೌರದ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಒಣ ಮುಳ್ಳುಕಟ್ಟಿಗೆಯ ಮಚ್ಚಿಗೆ ನೇರಳೆ ದಾಟಿ ನೀಲಿ ಮೂಡುವವರೆಗೆ ಬಿಡಬೇಕು. ಬಾಯಿ ಗಟ್ಟಿಯಾಗಿ, ಬೆನ್ನು ಮೆತ್ತಗೆ ಉಳಿದರೆ ಅದು ಉತ್ತಮ ಹದ. ಏಟಿನ ಆಘಾತವನ್ನು ಬೆನ್ನು ತಾಳಿಕೊಳ್ಳುತ್ತದೆ, ಕೊಯ್ಯುವ ಕೆಲಸವನ್ನು ಬಾಯಿ ಮಾಡುತ್ತದೆ.

ಅಗ್ಗದ ಅಲಗುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ತೆಳ್ಳಗಿನ ತಗಡನ್ನು ಯಂತ್ರದಲ್ಲಿ ಕತ್ತರಿಸಿ, ಅಂಚನ್ನು ಉಜ್ಜಿ, ಬಣ್ಣ ಬಳಿದು ಮಾರುವ ಮಚ್ಚಿಗೆ ಹದವೇ ಇರುವುದಿಲ್ಲ, ಅಥವಾ ಅಂಚು ಉಜ್ಜುವಾಗಲೇ ಬಿಸಿಯಾಗಿ ಹದ ಇಳಿದಿರುತ್ತದೆ. ಕಾರ್ಖಾನೆಯದೆಲ್ಲ ಕೆಟ್ಟದು, ಕಮ್ಮಾರನದೆಲ್ಲ ಒಳ್ಳೆಯದು ಎಂದು ಇದರ ಅರ್ಥವಲ್ಲ. ಕ್ರಮಬದ್ಧವಾಗಿ ಹದ ಹಾಕಿದ ಕಾರ್ಖಾನೆಯ ಅಲಗುಗಳೂ ಇವೆ. ಆತುರದಲ್ಲಿ ತಟ್ಟಿ ಕೊಟ್ಟ ಕುಲುಮೆಯ ಅಲಗುಗಳೂ ಇವೆ. ಆದ್ದರಿಂದ ಕೊಳ್ಳುವವನ ಕಣ್ಣೂ ಕೈಯೂ ಪಳಗಬೇಕು.

ಸಂತೆಯಲ್ಲಿ ಮಾಡಬಹುದಾದ ಪರೀಕ್ಷೆ

ಮಾಘ ಮಾಸದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರನ ಕಾರಣಿಕ ನಡೆಯುತ್ತವೆ. ಸುಗ್ಗಿ ಮುಗಿದು, ಮುಂದಿನ ಬೇಸಾಯಕ್ಕೆ ಹೊಲ ಹಸನು ಮಾಡುವ ಮೊದಲಿನ ಬಿಡುವು ಅದು. ಮಚ್ಚು, ಕುಡುಗೋಲು ಕೊಳ್ಳಲು ತಕ್ಕ ಕಾಲ. ಜಾತ್ರೆಯಲ್ಲಾಗಲಿ ವಾರದ ಸಂತೆಯಲ್ಲಾಗಲಿ, ಕೊಳ್ಳುವ ಮುನ್ನ ಐದು ನಿಮಿಷದ ಪರೀಕ್ಷೆ ಸಾಕು.

ಮೊದಲು ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದು ಬೆನ್ನಿನ ಮೇಲೆ ನೋಟ ಹಾಯಿಸಬೇಕು. ಅಡ್ಡಕ್ಕೆ ತಿರುಚಿದ್ದರೆ ಏಟು ಎಂದೂ ನೆಟ್ಟಗೆ ಬೀಳದು. ಬೆನ್ನಿನ ದಪ್ಪ ಹಿಡಿಯ ಕಡೆ ಹೆಚ್ಚಿದ್ದು ತುದಿಯತ್ತ ಕ್ರಮವಾಗಿ ಇಳಿದಿದ್ದರೆ ಅದು ತಟ್ಟಿ ಮಾಡಿದ ಅಲಗಿನ ಲಕ್ಷಣ. ಎರಡನೆಯದಾಗಿ ಬಾಯಿಯ ಉದ್ದಕ್ಕೂ ಕೂದಲೆಳೆಯ ಬಿರುಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಬೇಕು. ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ನೀಲಿ ಕಲೆಗಳಿದ್ದರೆ ಗ್ರೈಂಡರಿನ ಬಿಸಿಗೆ ಹದ ಕೆಟ್ಟಿದೆ ಎಂದು ಸಂಶಯ ಪಡಬೇಕು. ಮೂರನೆಯದಾಗಿ, ಹಿಡಿಯಿಲ್ಲದ ಅಲಗಾದರೆ ದಾರದಲ್ಲಿ ತೂಗಿಬಿಟ್ಟು ಕಬ್ಬಿಣದಿಂದ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಅಲಗು ಅಖಂಡ. ಒಡಕು ಮಡಕೆಯ ಸದ್ದು ಬಂದರೆ ಕೆಳಗಿಡಬೇಕು.

ನಾಲ್ಕನೆಯದು ಅರದ ಪರೀಕ್ಷೆ, ಎಲ್ಲಕ್ಕಿಂತ ಮುಖ್ಯವಾದದ್ದು. ಚಿಕ್ಕ ಅರವೊಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯವನ ಒಪ್ಪಿಗೆ ಪಡೆದು ಬಾಯಿಯ ಒಂದು ಮೂಲೆಯಲ್ಲಿ ಎಳೆಯಬೇಕು. ಅರ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅದಕ್ಕೆ ಹದವಿಲ್ಲ. ಗಾಜಿನ ಮೇಲಿನಂತೆ ಜಾರಿದರೆ ಹದ ಅತಿಯಾಗಿದೆ, ಬಾಯಿ ಚಕ್ಕೆ ಏಳುತ್ತದೆ. ಒತ್ತಿ ಎಳೆದಾಗ ತುಸು ತಡೆದು, ಆಮೇಲೆ ಸಣ್ಣಗೆ ಕಚ್ಚಿದರೆ ಅದು ಸರಿಯಾದ ಹದ. ಕೊನೆಯದಾಗಿ ಒಣ ಕಟ್ಟಿಗೆಯೊಂದಕ್ಕೆ ನಾಲ್ಕು ಏಟು ಹಾಕಿ ಬಾಯಿಯ ಮೇಲೆ ಉಗುರನ್ನು ಅಡ್ಡಲಾಗಿ ಹಗುರವಾಗಿ ಆಡಿಸಬೇಕು. ಬಾಯಿ ಮಡಿಚಿದ್ದರೆ ಉಗುರಿಗೆ ಸಿಗುತ್ತದೆ, ಚಕ್ಕೆ ಎದ್ದಿದ್ದರೆ ಕಣ್ಣಿಗೆ ಕಾಣುತ್ತದೆ. ಈ ಪರೀಕ್ಷೆಗಳಿಗೆ ಒಪ್ಪದ ಮಾರಾಟಗಾರನ ಬಳಿ ಕೊಳ್ಳದಿರುವುದೇ ಲೇಸು.

ಹಿಡಿಯನ್ನು ಮರೆಯಬಾರದು

ಅಲಗನ್ನು ನೋಡಿ ಹಿಡಿಯನ್ನು ಮರೆಯುವವರೇ ಹೆಚ್ಚು. ಕೈಯಿಂದ ಹಾರಿದ ಅಲಗು ಪಕ್ಕದಲ್ಲಿ ಸೌದೆ ಆಯುವ ಮಗುವಿಗೂ ಬಡಿಯಬಹುದು. ಆದ್ದರಿಂದ ಹಿಡಿಯೊಳಗೆ ಹೋಗುವ ಉಕ್ಕಿನ ಬಾಲ ಎಷ್ಟು ಉದ್ದವಿದೆಯೆಂದು ಕೇಳಿ ತಿಳಿಯಬೇಕು. ಎರಡು ಅಂಗುಲದ ಮೊಂಡು ಬಾಲಕ್ಕೆ ಅರಗು ಹಾಕಿ ಕೂಡಿಸಿದ ಹಿಡಿ ಅಡುಗೆಮನೆಗೆ ಸರಿ, ಹೊಲಕ್ಕೆ ಸಲ್ಲದು. ಬಾಲವು ಹಿಡಿಯ ತುದಿಯವರೆಗೂ ಹಾಯ್ದು, ತುದಿಯಲ್ಲಿ ಬಡಿದು ಮಡಿಸಿರಬೇಕು. ಅಥವಾ ಹಿಡಿಯ ಎರಡು ಹೋಳುಗಳ ನಡುವೆ ಪೂರ್ತಿ ಹಾಯ್ದು ಮೂರು ರಿವೆಟ್‌ಗಳಿಂದ ಬಿಗಿದಿರಬೇಕು. ಕೊರಳಿಗೆ ಕಬ್ಬಿಣದ ಬಳೆ ಇರಬೇಕು. ಹಿಡಿಯ ಕೊನೆ ತುಸು ದಪ್ಪವಾಗಿ ಕೆಳಗೆ ಬಾಗಿದ್ದರೆ ಬೆವರಿದ ಕೈಯಿಂದ ಜಾರುವುದಿಲ್ಲ.

ಹಿಡಿಗೆ ಕರಿಜಾಲಿ, ದಿಂಡಿಗ, ಹುಣಸೆಯ ಕಟ್ಟಿಗೆ ಒಳ್ಳೆಯದು. ಎಳೆ ಉದ್ದಕ್ಕೂ ನೆಟ್ಟಗೆ ಓಡಿರಬೇಕು, ಗಂಟಿರಬಾರದು. ಇಲ್ಲಿ ಮಲೆನಾಡಿಗೂ ಬಯಲುಸೀಮೆಗೂ ಒಂದು ಭೇದವಿದೆ. ಮಳೆಗಾಲದಲ್ಲಿ ಕೂಡಿಸಿದ, ಪೂರ್ತಿ ಆರದ ಕಟ್ಟಿಗೆಯ ಹಿಡಿ ಕೂಡ್ಲಿಗಿಯ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಅಲ್ಲಿ ಬೇಸಿಗೆಯಲ್ಲಿ ಕೂಡಿಸಿದ ಹಿಡಿ ಮಲೆನಾಡಿನ ತೇವಕ್ಕೆ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಎಲ್ಲಿಯೇ ಆಗಲಿ, ಚೆನ್ನಾಗಿ ಆರಿದ ಕಟ್ಟಿಗೆಯನ್ನು ಬೇಸಿಗೆಯಲ್ಲಿ ಕೂಡಿಸುವುದು ಜಾಣತನ. ವರ್ಷಕ್ಕೊಮ್ಮೆ ಹಿಡಿಗೆ ಎಣ್ಣೆ ತಿಕ್ಕಿದರೆ ಸೀಳು ಬಿಡುವುದು ಕಡಿಮೆಯಾಗುತ್ತದೆ. ಅಲಗಿಗೆ ಮಾತ್ರ ಮಲೆನಾಡಿನಲ್ಲಿ ಹೆಚ್ಚು ಆರೈಕೆ ಬೇಕು. ಮಳೆಗಾಲದಲ್ಲಿ ಪ್ರತಿ ಸಂಜೆ ಒರೆಸಿ ಎಣ್ಣೆ ಸವರದಿದ್ದರೆ ಒಂದೇ ರಾತ್ರಿಯಲ್ಲಿ ತುಕ್ಕು ಮೂಡುತ್ತದೆ.

ಬೆಲೆಯ ಲೆಕ್ಕ

ಹಳೆಯ ಆಯಗಾರ ಪದ್ಧತಿಯಲ್ಲಿ ಕಮ್ಮಾರನಿಗೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ವರ್ಷವಿಡೀ ಊರಿನ ಕುಳ, ಕುಡುಗೋಲು, ಮಚ್ಚುಗಳ ಬಾಯಿ ತಟ್ಟಿಕೊಡುವುದು ಅವನ ಹೊಣೆಯಾಗಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡೂ ಕಮ್ಮಾರನ ಬಡತನವೂ ಇದ್ದವು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಅದರಲ್ಲಿ ಒಂದು ಗುಣವಿತ್ತು. ಕೆಟ್ಟ ಮಚ್ಚು ಮಾಡಿದವನ ಬಳಿಗೇ ಆ ಮಚ್ಚು ಮತ್ತೆ ಬರುತ್ತಿತ್ತು. ಇಂದು ಬಣ್ಣ ಬಳಿದ ಅಲಗನ್ನು ಮಾರಿದವನಿಗೆ ಅದನ್ನು ಮಾಡಿದವನು ಗೊತ್ತಿಲ್ಲ, ಕೊಂಡವನೂ ಗೊತ್ತಿಲ್ಲ.

ಲೆಕ್ಕಕ್ಕಾಗಿ ಹೀಗೆ ಭಾವಿಸೋಣ. 250 ರೂಪಾಯಿಯ ಮಚ್ಚೊಂದು ಎರಡು ಬೇಸಿಗೆ ಬಾಳಿತು. 750 ರೂಪಾಯಿಯದು ಹದಿನೈದು ವರ್ಷ ಬಾಳಿತು. ಮೊದಲನೆಯದರ ವರ್ಷದ ಬೆಲೆ 125 ರೂಪಾಯಿ, ಎರಡನೆಯದರದು 50 ರೂಪಾಯಿ. ಅಗ್ಗವಾದದ್ದು ಯಾವುದೆಂದು ಈಗ ಸ್ಪಷ್ಟವಾಗುತ್ತದೆ. ಆದರೆ 750 ರೂಪಾಯಿ ಒಮ್ಮೆಗೇ ಕೈಯಲ್ಲಿಲ್ಲದವನಿಗೆ ಈ ಲೆಕ್ಕ ಉಪಯೋಗಕ್ಕೆ ಬಾರದು. ಅವನಿಗೆ ದಾರಿಯೆಂದರೆ ಗುಜರಿಯಿಂದ ಕಮಾನು ಪಟ್ಟಿಯ ತುಂಡನ್ನು ತೂಕದ ಲೆಕ್ಕದಲ್ಲಿ ತಂದು ಕುಲುಮೆಗೆ ಕೊಟ್ಟು, ತಟ್ಟುವ ಕೂಲಿಯನ್ನಷ್ಟೇ ತೆರುವುದು. ಹಿಡಿಯನ್ನು ತಾನೇ ಕೆತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಮಧ್ಯಪ್ರದೇಶ, ರಾಜಸ್ಥಾನಗಳ ಕಡೆಯಿಂದ ಬಂದು ರಸ್ತೆಯ ಬದಿ ಬಿಡಾರ ಹೂಡುವ ಕಮ್ಮಾರ ಕುಟುಂಬಗಳೂ ಹೀಗೆ ಮಾಡಿಕೊಡುತ್ತವೆ. ಗಂಡಸು ಇಕ್ಕುಳದಲ್ಲಿ ಅಲಗು ಹಿಡಿದರೆ ಹೆಂಗಸು ಸುತ್ತಿಗೆ ಎತ್ತಿ ಹೊಡೆಯುವ ಆ ದುಡಿಮೆಯನ್ನು ಕಂಡವರು ಕೂಲಿಯಲ್ಲಿ ಚೌಕಾಸಿ ಮಾಡಲಾರರು. ಅವರ ಮುಂದೆಯೇ ನಿಂತು ಹದ ಹಾಕಿಸಿಕೊಳ್ಳಬಹುದೆಂಬುದು ದೊಡ್ಡ ಲಾಭ.

ಕಡಿಯುವ ವಿವೇಕ

ಇನ್ನು ಒಳ್ಳೆಯ ಮಚ್ಚು ಕೈಗೆ ಬಂತೆಂದುಕೊಳ್ಳೋಣ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದು ಬಿಟ್ಟರೆ ಕೆಲಸ ಮುಗಿಯಲಿಲ್ಲ. ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರು ಏಳುತ್ತವೆ. ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯ ಈ ಗಿಡವನ್ನು ಜಮೈಕಾದಿಂದ ಬೀಜ ತರಿಸಿ 1877ರಲ್ಲಿ ಆಗಿನ ಮದರಾಸು ಪ್ರಾಂತ್ಯದ ಕಡಪ ಜಿಲ್ಲೆಯಲ್ಲಿ ಬಿತ್ತಲಾಯಿತು. ಬಳ್ಳಾರಿಯೂ 1953ರವರೆಗೆ ಅದೇ ಪ್ರಾಂತ್ಯದಲ್ಲಿತ್ತು. ಒಣ ನೆಲಕ್ಕೆ ಸೌದೆ, ನೆರಳು ದೊರೆಯಲಿ ಎಂಬುದು ತಂದವರ ಉದ್ದೇಶ. ಸಿಹಿಯಾದ ಕಾಯಿಯನ್ನು ದನ, ಕುರಿ, ಮೇಕೆಗಳು ತಿಂದು, ಜೀರ್ಣವಾಗದ ಬೀಜವನ್ನು ಸಗಣಿ ಹಿಕ್ಕೆಗಳ ಮೂಲಕ ಊರೂರಿಗೆ ಹಂಚಿದವು.

ಇದನ್ನು ತೆಗೆಯುವವನು ಮೊದಲು ಕವಲು ಕೋಲಿನಿಂದ ಮುಳ್ಳುಕೊಂಬೆಯನ್ನು ಒತ್ತಿ ಹಿಡಿದು, ಮಚ್ಚಿನಿಂದ ಕೊಂಬೆಗಳನ್ನು ಹೊರಗಿನಿಂದ ಒಳಕ್ಕೆ ಸವರಿಕೊಂಡು ಹೋಗಬೇಕು. ಏಟು ಕಾಲಿನಿಂದ ದೂರಕ್ಕೆ ಸಾಗಬೇಕು. ಕಾಂಡವನ್ನು ಕೊಡಲಿಯಿಂದ ಕಡಿದ ಮೇಲೆ ಗುದ್ದಲಿ, ಹಾರೆಗಳಿಂದ ಬುಡ ಬಿಡಿಸಿ, ಚಿಗುರೊಡೆಯುವ ಬೇರಿನ ತಲೆಯನ್ನು ನೆಲದೊಳಗಿನಿಂದ ಕಿತ್ತು ತೆಗೆಯಬೇಕು. ಮಚ್ಚನ್ನು ಎಂದೂ ಮಣ್ಣಿಗೆ ಹೊಡೆಯಬಾರದು. ಒಂದು ಗರಸು ಕಲ್ಲು ಇಡೀ ದಿನದ ಹರಿತವನ್ನು ತಿನ್ನುತ್ತದೆ. ಮುಳ್ಳು ಆಳವಾಗಿ ಚುಚ್ಚಿದರೆ ಅಥವಾ ಗಾಯವಾದರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಆ ರೋಗದ ಬೀಜ ತುಕ್ಕಿನಲ್ಲಿಲ್ಲ, ಮಣ್ಣಿನಲ್ಲಿದೆ. ಆದ್ದರಿಂದ ಹೊಳೆಯುವ ಮಚ್ಚಿನ ಗಾಯವೂ ಗಾಯವೇ.

ಎಲ್ಲಕ್ಕಿಂತ ಮೊದಲು ಗಿಡವನ್ನು ಗುರುತಿಸಬೇಕು. ಕರಿಜಾಲಿಯ ಹೂವು ದುಂಡಗಿನ ಹಳದಿ ಚೆಂಡು. ಕಾಯಿ ಮಣಿಸರದಂತೆ ಬೀಜ ಬೀಜದ ನಡುವೆ ಸೊರಗಿರುತ್ತದೆ. ಬಲಿತ ತೊಗಟೆ ಕಪ್ಪಾಗಿ ಸೀಳಿರುತ್ತದೆ. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತೆನೆ. ಕಾಯಿ ಚಪ್ಪಟೆಯಾಗಿ, ಹಣ್ಣಾದಾಗ ಒಣಹುಲ್ಲಿನ ಬಣ್ಣದ್ದು. ಹೂವೂ ಕಾಯಿಯೂ ಇಲ್ಲದೆ ಸಂಶಯ ಬಂದರೆ ಅಂದು ಮಚ್ಚನ್ನು ಬದಿಗಿಟ್ಟು, ತಿಳಿದ ಹಿರಿಯರನ್ನು ಕೇಳಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮದಂತಹ ಅರಣ್ಯಗಳಲ್ಲಿ, ಕೆರೆಯಂಗಳಗಳಲ್ಲಿ ಇಲಾಖೆಯ ಅನುಮತಿಯಿಲ್ಲದೆ ಯಾವ ಜಾಲಿಯನ್ನೂ ಮುಟ್ಟುವಂತಿಲ್ಲ.

ಮಲೆನಾಡಿನವರಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿನ ಲಂಟಾನವನ್ನು ಸವರುವಾಗ ಅದರ ಆಸರೆಯಲ್ಲಿ ಬೆಳೆಯುತ್ತಿರುವ ನೇರಳೆಯ ಸಸಿ, ಮತ್ತಿಯ ಸಸಿ ಒಂದೇ ಏಟಿಗೆ ಹೋಗಿಬಿಡುತ್ತವೆ. ಮೊಂಡು ಕತ್ತಿಯಿಂದ ಜಜ್ಜಿದ ಮರದ ಗಾಯ ಬೇಗ ಮಾಯುವುದಿಲ್ಲ. ನೀರು ನಿಂತು ಕೊಳೆಯುತ್ತದೆ. ಹರಿತವಾದ ಬಾಯಿಯಿಂದ ಓರೆಯಾಗಿ, ನುಣುಪಾಗಿ ಕಡಿದ ಗಾಯ ಬೇಗ ಕೂಡಿಕೊಳ್ಳುತ್ತದೆ. ಒಳ್ಳೆಯ ಕತ್ತಿ ಕಡಿಯುವವನಿಗೆ ಮಾತ್ರವಲ್ಲ, ಉಳಿಯಬೇಕಾದ ಮರಕ್ಕೂ ಹಿತ.

ಕೊನೆಯದಾಗಿ ಒಂದು ಮಾತು. ಬಳ್ಳಾರಿ ಜಾಲಿಯ ಕಟ್ಟಿಗೆಯಿಂದ ಶಾಖ ಹೆಚ್ಚು ಕೊಡುವ ಉತ್ತಮ ಇದ್ದಿಲು ದೊರೆಯುತ್ತದೆ. ಹಿಂದೆ ಕಬ್ಬಿಣದ ಒಲೆಗಳಿಗಾಗಿ ಎಷ್ಟೋ ಕಾಡು ಇದ್ದಿಲಾಯಿತು. ಇಂದು ಹೊಲಕ್ಕೆ ಹೊರೆಯಾದ ಗಿಡವೇ ಕುಲುಮೆಯ ಇದ್ದಿಲಾದರೆ, ಅದನ್ನು ಕಡಿದ ಮಚ್ಚಿನ ಬಾಯಿಯನ್ನು ಅದೇ ಬೆಂಕಿಯಲ್ಲಿ ಕಾಯಿಸಿ ಮತ್ತೆ ತಟ್ಟಿಸಬಹುದು. ಊರಿನಲ್ಲಿ ಒಂದು ಕುಲುಮೆ ಉಳಿಯುತ್ತದೆ, ಹೊಲ ಹಸನಾಗುತ್ತದೆ, ಅಂಕಸಮುದ್ರದ ಕರಿಜಾಲಿಯ ಮೇಲೆ ಕೊಕ್ಕರೆಯ ಗೂಡೂ ಉಳಿಯುತ್ತದೆ. ಮುಂದಿನ ಸಂತೆಗೆ ಹೋಗುವಾಗ ತಾವು ಚೀಲದಲ್ಲಿ ಒಂದು ಚಿಕ್ಕ ಅರವನ್ನು ಇಟ್ಟುಕೊಂಡು ಹೋಗಬೇಕೆಂದು ಕೋರುತ್ತಾ ಈ ಉಪನ್ಯಾಸವನ್ನು ಮುಗಿಸಲಾಗುತ್ತಿದೆ.